ಅಳವಿ ಹಾಕದ ಉಂಡಿ

ಧಡ್, ಧಡ್, ಧಡ್. ಒಂದು ಕಬ್ಬಿಣದ ಒನಕೆ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬೀಳುತ್ತದೆ. ಮೋರಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೋಷನಬಿಯ ಖಾರ ಕುಟ್ಟುವ ಯಂತ್ರ ಬೆಳಿಗ್ಗೆ ಶುರುವಾದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ನಿಲ್ಲುತ್ತದೆ. ಹೊಸಬರು ಸೀನುತ್ತ, ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಾರೆ. ಓಣಿಯವರು ಆ ಸದ್ದು ನಿಂತಾಗಲೇ ತಲೆ ಎತ್ತಿ ನೋಡುತ್ತಾರೆ.

ಆ ಯಂತ್ರದ ಕೋಣೆಗೆ ಗೋಡೆ ಹಚ್ಚಿ ನಿಂತ ಮನೆ ಹುಲಿಗೆವ್ವನದು. ಒನಕೆ ಬಿದ್ದಾಗೆಲ್ಲ ಅವಳ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ಸಣ್ಣಗೆ ನಡುಗುತ್ತವೆ. ಕಾರೀಕು ಎಂಬ ಒಣಖರ್ಜೂರ, ಬಾದಾಮಿ ಕುಟ್ಟುವುದಿದ್ದರೆ ತಂದು ಹಾಕು, ಒಂದು ಗಳಿಗೆಯ ಕೆಲಸ ಎಂದು ರೋಷನಬಿ ಎಷ್ಟೋ ಸಲ ಹೇಳಿದ್ದಾಳೆ. ಹುಲಿಗೆವ್ವ ಹಾಕಿಲ್ಲ. ಕಬ್ಬಿಣ ಖಾರವನ್ನು ಮರೆಯುವುದಿಲ್ಲ, ಎಷ್ಟು ತೊಳೆದರೂ ಬಾಣಂತಿಯ ನಾಲಿಗೆಗೆ ಅದು ಗೊತ್ತಾಗುತ್ತದೆ ಎನ್ನುತ್ತಾಳೆ. ಹಿತ್ತಲಿನ ಕಲ್ಲಿನ ಒರಳು ಅವಳಿಗೆ ಸಾಕು.

ಅವಳಿಗೆ ಈಗ ಅರವತ್ತು ದಾಟಿರಬೇಕು. ಹುಟ್ಟಿದ್ದು ಸಾಲೋಟಗಿಯಲ್ಲಿ, ಹದಿನೇಳಕ್ಕೆ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಹಣಮಂತ್ರಾಯ ಪಂಚಾಯಿತಿಯಲ್ಲಿ ನಳದ ನೀರು ಬಿಡುವ ಕೆಲಸ ಮಾಡಿ, ಈಗ ಮನೆಯಲ್ಲಿದ್ದಾನೆ. ಮಾತು ಕಡಿಮೆ. ಆಡಿದರೆ ಚುಚ್ಚಿ ಆಡುತ್ತಾನೆ. ಸಂಜೆ ಹೊತ್ತು ಹೆಂಡತಿಯ ಸುತ್ತ ಓಣಿಯ ಹೆಣ್ಣುಮಕ್ಕಳು ಕೂತಿರುವುದು ಕಂಡರೆ, ಸಾಲಿ ಬಿಟ್ಟಮೇಲೆ ನನಗೊಂದು ಚಹಾ ಸಿಗಬಹುದೇನೋ ಎಂದು ಗೋಡೆಗೆ ಹೇಳಿದಂತೆ ಹೇಳುತ್ತಾನೆ.

ಅವರು ಬರುವುದು ಕೇಳಲಿಕ್ಕೆ. ಹುಗ್ಗಿಯಲ್ಲಿ ಗೋಧಿ ಬೇಯಲೇ ಇಲ್ಲ ಎಂದು ಯಾರಾದರೂ ಅಂದರೆ, ಬೆಲ್ಲ ಯಾವಾಗ ಹಾಕಿದೆ ಎಂದು ಅವಳು ತಿರುಗಿ ಕೇಳುತ್ತಾಳೆ. ಎರಡು ಬೆರಳಿನ ನಡುವೆ ಹಿಚುಕಿದರೆ ಕಾಳು ಬೆಣ್ಣೆಯಂತಾಗಬೇಕು, ಬೆಲ್ಲ ಆಮೇಲಿನ ಮಾತು. ಮೊದಲೇ ಬೆಲ್ಲ ಕಂಡ ಕಾಳು ಸಂಜೆಯವರೆಗೆ ಕುದಿಸಿದರೂ ಮೆತ್ತಗಾಗುವುದಿಲ್ಲ. ಶೇಂಗಾ ಹೋಳಿಗೆ ಹದಿನೈದು ದಿನ ಇಡಬೇಕಾದರೆ ಹೂರಣಕ್ಕೆ ಹಸಿ ಕೈ ತಾಗಬಾರದು. ಒಣಕೊಬ್ಬರಿಯನ್ನು ಮಿಕ್ಸರಿಗೆ ಹಾಕಬಾರದು, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹೆರೆದು, ಬರಿ ಬಾಣಲೆಯಲ್ಲಿ ಬೆಚ್ಚಗೆ ಮಾಡಬೇಕು. ಇವನ್ನೆಲ್ಲ ಅವಳು ಹೇಳುವುದು ಬೇರೆ ಏನೋ ಮಾಡುತ್ತ, ಅಕ್ಕಿ ಆರಿಸುತ್ತ, ಸೊಪ್ಪು ಸೋಸುತ್ತ. ಅರ್ಧ ಮಾತಿಗೆ ಒಳಗೆ ಎದ್ದು ಹೋಗುವುದೂ ಉಂಟು. ಕೇಳುವವರು ಅಲ್ಲೇ ಕೂತು ಕಾಯುತ್ತಾರೆ.

ಆದರೆ ಊರು ಅವಳನ್ನು ಗುರುತಿಸುವುದು ಅಂಟಿನ ಉಂಡಿಯಿಂದ. ಮಗಳು ಹೆರಿಗೆಗೆ ತವರಿಗೆ ಬಂದ ಮನೆಯವರು ಮೊದಲು ಹೇಳಿ ಇಡುವುದು ಹುಲಿಗೆವ್ವನಿಗೆ. ಜಾಲಿ ಮರದ ಅಂಟು, ಒಣಕೊಬ್ಬರಿ, ಕಾರೀಕು, ಬಾದಾಮಿ, ಗಸಗಸೆ, ಒಣದ್ರಾಕ್ಷಿ, ಒಣಶುಂಠಿ, ಜಾಜಿಕಾಯಿ, ಮೆಂತ್ಯ, ಅಳವಿ. ಅಳವಿ ಎಂದರೆ ಸಾಸಿವೆಗಿಂತ ತುಸು ಉದ್ದನೆಯ ಕೆಂಪು ಬೀಜ. ಅದು, ಮೆಂತ್ಯ ಎರಡೂ ತಾಯಿಗೆ ಹಾಲು ತರಿಸುತ್ತವೆ. ಉಳಿದದ್ದೆಲ್ಲ ಸೊಂಟಕ್ಕೆ, ರಕ್ತಕ್ಕೆ.

ಕೆಲಸ ಕಲಿಸಿದವಳು ಅತ್ತೆ. ಅವಳಿಗೆ ಕಣ್ಣು ಮಂಜಾಗಿತ್ತು, ಕಿವಿಯಿಂದ ಮಾಡುತ್ತಿದ್ದಳು. ಸಣ್ಣ ಉರಿಯ ತುಪ್ಪಕ್ಕೆ ಅಂಟಿನ ಹರಳು ಬಿದ್ದಾಗ ಚಿಟಿಚಿಟಿ ಎಂದು ಅರಳುತ್ತದೆ. ಒಳಗಿನ ತನಕ ಅರಳಿದ ಮೇಲೆ ಸುಮ್ಮನಾಗುತ್ತದೆ. ಆ ಸುಮ್ಮನಾಗುವುದಕ್ಕೆ ಕಾಯಬೇಕು. ಅವಸರ ಮಾಡಿದರೆ ಮೇಲೆ ಕೆಂಪಗಾಗಿ ಒಳಗೆ ಹಸಿ ಉಳಿದು ಬಾಣಂತಿಯ ಹಲ್ಲಿಗೆ ಅಂಟುತ್ತದೆ.

ಅತ್ತೆ ಬಿಟ್ಟುಹೋದ ಇನ್ನೊಂದು ಕಟ್ಟುಪಾಡು ಇತ್ತು. ಕೂಸಿನ ಅಳು ಕೇಳದೆ ಅಂಟನ್ನು ತುಪ್ಪಕ್ಕೆ ಬಿಡಬಾರದು. ಹಿಂದೆ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು, ಅತ್ತೆ ಕೋಣೆಯ ಹೊರಗೆ ಬಾಣಲೆ ಇಟ್ಟುಕೊಂಡು ಕೂತಿರುತ್ತಿದ್ದಳಂತೆ. ಈಗ ಎಲ್ಲರೂ ಸಿಂದಗಿಗೆ, ವಿಜಯಪುರಕ್ಕೆ, ಕೆಲವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಹುಲಿಗೆವ್ವ ಕಟ್ಟು ಬಿಡಲಿಲ್ಲ, ದಾರಿ ಬದಲಿಸಿದಳು. ಹೆರಿಗೆಯಾಯಿತೆಂದು ಫೋನ್ ಬಂದರೆ ಅವಳು ಕೇಳುವುದು ಗಂಡೋ ಹೆಣ್ಣೋ ಅಲ್ಲ. ಫೋನನ್ನು ಕೂಸಿನ ಬಾಯಿ ಹತ್ತಿರ ಹಿಡಿಯಿರಿ ಎನ್ನುತ್ತಾಳೆ. ಅಳು ಕೇಳಿದ ಮೇಲೆ ಒಲೆ ಹಚ್ಚುತ್ತಾಳೆ. ಎಷ್ಟೋ ಮಕ್ಕಳ ಮೊದಲ ಅಳುವನ್ನು ಅಪ್ಪನಿಗಿಂತ ಮೊದಲು ಕೇಳಿದವಳು ಅವಳು.

ಹೋದ ವರ್ಷ ಶ್ರಾವಣ ಮುಗಿದು ಕೆಲವು ದಿನಕ್ಕೆ ಭಾಗ್ಯಾ ಸಾಮಾನಿನ ಚೀಲ ಹಿಡಿದು ಬಂದಳು. ಭಾಗ್ಯಾಳ ಮನೆ ಎರಡು ಓಣಿ ಆಚೆ. ಗಂಡ ಶ್ರೀಶೈಲ ಸೈಕಲ್, ಮೋಟಾರ್ ಸೈಕಲ್ ಪಂಕ್ಚರ್ ತಿದ್ದುವ ಅಂಗಡಿ ಇಟ್ಟಿದ್ದಾನೆ. ಒಬ್ಬಳೇ ಮಗಳು ಪಲ್ಲವಿ, ಬಸವನ ಬಾಗೇವಾಡಿಗೆ ಕೊಟ್ಟವಳು, ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅದೇ ವಾರ ಹುಲಿಗೆವ್ವ ಮುದ್ದೇಬಿಹಾಳಕ್ಕೆ ಹೋಗುವವಳಿದ್ದಳು. ತಂಗಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು, ಹತ್ತು ದಿನ ಜೊತೆಗೆ ಯಾರಾದರೂ ಬೇಕಿತ್ತು.

“ಡಾಕ್ಟರ ಗುರುವಾರ ಆಪರೇಷನ್ ಅಂತ ತಾರೀಕ ಕೊಟ್ಟಾರ ಅಕ್ಕಾ,” ಎಂದಳು ಭಾಗ್ಯಾ. “ನೀ ಬುಧವಾರನ ಹೋದ್ರ ನನ್ನ ಮಗಳಿಗೆ ಯಾರ ಮಾಡವರು? ತಾರೀಕ ಗೊತ್ತೈತಿ ಅಂದಮ್ಯಾಲ ಎರಡ ದಿನದಾಗ ಏನ ಫರಕ ಬೀಳ್ತೈತಿ?”

ಹುಲಿಗೆವ್ವ ಚೀಲವನ್ನು ಬಹಳ ಹೊತ್ತು ನೋಡಿದಳು. ಕಟ್ಟೆಯ ಮೇಲಿದ್ದ ಹಣಮಂತ್ರಾಯ, ಈಗ ಕೂಸುಗಳೂ ಟೈಮ್ ಟೇಬಲ್ ನೋಡಿ ಬರ್ತಾವ, ನೀನೂ ನೋಡು ಎಂದ. ಮಂಗಳವಾರ ಮಧ್ಯಾಹ್ನ ಅವಳು ಬಾಣಲೆ ಇಟ್ಟಳು. ಅಂಟು ಚೆನ್ನಾಗಿ ಅರಳಿತು. ಬೆಲ್ಲದ ಪಾಕವೂ ಹದವಾಗಿ ಬಂತು. ಸಂಜೆಗೆ ಉಂಡಿಗಳನ್ನು ಸ್ಟೀಲಿನ ಡಬ್ಬಿಗೆ ತುಂಬಿ ಭಾಗ್ಯಾಳ ಮನೆಗೆ ಒಯ್ದು ಕೊಟ್ಟಳು. ಪಲ್ಲವಿ ಮುಚ್ಚಳ ತೆಗೆದು ಮೂಸಿ, ಇವತ್ತೇ ಒಂದು ತಿಂದರೆ ಏನಾಗುತ್ತದೆ ಎಂದು ಕೇಳಿದಳು. ಹೆರದವಳಿಗೆ ಇಲ್ಲ, ಹೆತ್ತ ಮೇಲೆ ತಿನ್ನುವೆಯಂತೆ ಎಂದು ಹುಲಿಗೆವ್ವ ಡಬ್ಬಿ ಮುಚ್ಚಿದಳು.

ಬುಧವಾರ ಬೆಳಿಗ್ಗೆ ಅವಳು ಸೀರೆ ಮಡಚಿ ಚೀಲಕ್ಕೆ ಇಡುತ್ತಿದ್ದಾಗ ಫೋನ್ ಬಂತು. ಭಾಗ್ಯಾಳ ಹೆಸರು ಕಂಡಿತು. ಒಂದು ದಿನ ಮೊದಲೇ ಆಯಿತೇನೋ ಎಂದುಕೊಂಡು ಕಿವಿಗೆ ಹಿಡಿದು, ರೂಢಿಯಂತೆ ಕೂಸಿನ ಅಳುವಿಗೆ ಕಾದಳು. ಆ ಕಡೆ ಭಾಗ್ಯಾಳ ಉಸಿರು ಮಾತ್ರ ಕೇಳುತ್ತಿತ್ತು. ಯಾರೋ ಒಂದು ಗಾಡಿ ತಳ್ಳಿಕೊಂಡು ಹೋದ ಸದ್ದು. ಮತ್ತೆ ಉಸಿರು. ಕಡೆಗೆ ಫೋನ್ ತಾನಾಗಿ ಕಡಿದುಹೋಯಿತು.

ರಾತ್ರಿಯಿಂದ ಹೊಟ್ಟೆಯಲ್ಲಿ ಕೂಸು ಅಲುಗಿರಲಿಲ್ಲವಂತೆ. ಬೆಳಗಾಗುತ್ತಲೇ ವಿಜಯಪುರಕ್ಕೆ ಒಯ್ದು ಕೊಯ್ದು ತೆಗೆದಿದ್ದರು. ಹೆಣ್ಣು ಕೂಸು. ಅಳಲಿಲ್ಲ. ಅಳಿಯ ಸಂಜೀವಕುಮಾರ ಬಾಗೇವಾಡಿಯಿಂದ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾರಿನಲ್ಲಿ ಕೂತ. ದಾರಿಯುದ್ದಕ್ಕೂ ಯಾರ ಕೈಗೂ ಕೊಡಲಿಲ್ಲ.

ಹುಲಿಗೆವ್ವ ಮುದ್ದೇಬಿಹಾಳಕ್ಕೆ ಹೋಗಲಿಲ್ಲ. ತಂಗಿಯ ಜೊತೆಗಿರಲು ತಮ್ಮನ ಹೆಂಡತಿಯನ್ನು ಕಳಿಸಿದಳು. ಪಲ್ಲವಿಯನ್ನು ದವಾಖಾನೆಯಿಂದ ಮನೆಗೆ ಕರೆತಂದ ದಿನ ನೋಡಲು ಹೋದಳು. ಭಾಗ್ಯಾ ಹೊಸ್ತಿಲಿನಲ್ಲೇ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ.

“ಅಳು ಕೇಳಿದ ಮ್ಯಾಲ ಮಾಡಾಕಿ ನೀನು,” ಎಂದಳು. “ಈ ಸಲ ಯಾಕ ಮೊದಲ ಮಾಡಿದಿ?”

ಮಾಡು ಎಂದು ಚೀಲ ತಂದವಳು ಅವಳೇ. ಹುಲಿಗೆವ್ವ ಅದನ್ನು ಹೇಳದೆ ತಿರುಗಿ ಬಂದಳು. ಮರುದಿನ ಶ್ರೀಶೈಲ ಆ ಡಬ್ಬಿಯನ್ನು ತಂದು ಕಟ್ಟೆಯ ಮೇಲಿಟ್ಟು, ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲವಂತೆ ಎಂದು ಹೇಳಿ, ಚಪ್ಪಲಿ ಬಿಡದೆ ಹೋದ.

ಡಬ್ಬಿ ಎರಡು ದಿನ ಅಡುಗೆಮನೆಯ ಮೂಲೆಯಲ್ಲಿತ್ತು. ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದಳು. ಮಧ್ಯಾಹ್ನ ಯಂತ್ರ ನಿಂತ ಮೇಲೆ ರೋಷನಬಿ ಬಂದು ಕೂತಾಗ ಅವಳೊಬ್ಬಳ ಮುಂದೆ ಹೇಳಿದಳು, ನನ್ನ ಕೈಯಿಂದ ತಪ್ಪಾಯಿತು ಎಂದು. ರೋಷನಬಿ ಡಬ್ಬಿಯನ್ನು ಎಳೆದುಕೊಂಡು, ಒಂದು ಉಂಡಿ ತೆಗೆದು ಮುರಿದಳು.

“ಉಂಡಿ ಏನ ಪಾಪ ಮಾಡೈತಿ? ನನ್ನ ಸೊಂಟಾನೂ ನೋಯಾಕತ್ತೈತಿ,” ಎಂದು ತಿನ್ನತೊಡಗಿದಳು. ತಿಂದು ಮುಗಿಸಿ, ಕೈ ಒರೆಸಿಕೊಂಡು, ಬಂದ ವಿಷಯ ಹೇಳಿದಳು. ಬೆಳಿಗ್ಗೆ ಖಾರದ ಪುಡಿ ಕೊಡಲು ಭಾಗ್ಯಾಳ ಮನೆಗೆ ಹೋಗಿದ್ದಳಂತೆ. ಪಲ್ಲವಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದಾರೆ, ಹಾಲು ಇಂಗಲಿ ಎಂದು. ಮನೆಯಲ್ಲಿ ಒಗ್ಗರಣೆಯಿಲ್ಲ, ಸಿಹಿಯಿಲ್ಲ. ಅವಳಿಗೂ ಎಲ್ಲರಂತೆ ಸಪ್ಪನೆಯ ಗಂಜಿ. ಇಂಥ ಸಾವಿಗೆ ಎಷ್ಟು ದಿನ ಸೂತಕ ಹಿಡಿಯಬೇಕೆಂದು ಯಾರಿಗೂ ಖಾತ್ರಿ ಇಲ್ಲ. ಒಬ್ಬರು ಮೂರು ಎನ್ನುತ್ತಾರೆ, ಒಬ್ಬರು ಹನ್ನೊಂದು. ಹೆದರಿಕೆಗೆ ಭಾಗ್ಯಾ ಲೆಕ್ಕವನ್ನೇ ಬಿಟ್ಟಿದ್ದಾಳೆ.

“ಹಿಂಗ ಬಿಟ್ರ ಆ ಹುಡುಗಿ ಏಳೂದಿಲ್ಲ ಹುಲಿಗೆವ್ವಾ,” ಎಂದಳು ರೋಷನಬಿ.

ಅವಳು ಹೋದ ಮೇಲೆ ಹುಲಿಗೆವ್ವ ಎರಡು ಉಂಡಿ ಒರಳಿಗೆ ಹಾಕಿ ಕುಟ್ಟಿದಳು. ಉಂಡಿಯಾಗಿ ಕೊಟ್ಟರೆ ಭಾಗ್ಯಾ ಒಳಗೆ ಬಿಡುವುದಿಲ್ಲ. ಪುಡಿಯನ್ನು ಹಾಲಿಗೆ ಹಾಕಿ ಕುದಿಸಿ ಔಷಧ ಎಂದರೆ ಬಿಟ್ಟಾಳು. ಒನಕೆ ಎತ್ತಿದಾಗ ಅದರ ತುದಿಗೆ ಒಂದು ಕೆಂಪು ಬೀಜ ಅಂಟಿತ್ತು. ಅಳವಿ. ಅವಳು ಕುಟ್ಟುವುದನ್ನು ನಿಲ್ಲಿಸಿದಳು. ಎದೆ ಬಿಗಿದು ಮಲಗಿದವಳಿಗೆ ಹಾಲು ತರಿಸುವ ಕಾಳನ್ನು ಕೊಡಲು ಹೊರಟಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಒರಳನ್ನು ಬರಿದು ಮಾಡಿ, ಎರಡು ಕೊಡ ನೀರು ಹಾಕಿ ತೊಳೆದಳು.

ಹೊಸದಾಗಿ ಮಾಡಿದಳು. ಇಷ್ಟು ವರ್ಷಗಳಲ್ಲಿ ಅವಳು ಅಳವಿ, ಮೆಂತ್ಯ ಬಿಟ್ಟು ಮಾಡಿದ್ದಿಲ್ಲ. ಯಾವುದು ಎಷ್ಟು ಎಂದು ಕೈಗೆ ತಿಳಿಯಲಿಲ್ಲ. ಅವೆರಡರ ಕಹಿ ಇಲ್ಲವಾದ್ದರಿಂದ ಬೆಲ್ಲ ಕಡಿಮೆ ಮಾಡಬೇಕಾಯಿತು, ಶುಂಠಿ ಒಂದು ಚಿಟಿಕೆ ಹೆಚ್ಚು. ಅಂಟು, ಕೊಬ್ಬರಿ, ಕಾರೀಕು, ಬಾದಾಮಿ ಎಲ್ಲವನ್ನೂ ಉಂಡಿ ಕಟ್ಟದೆ ಪುಡಿಯಾಗಿಯೇ ಬಿಟ್ಟು, ಹಾಲಿನಲ್ಲಿ ಕುದಿಸಿ, ಮುಚ್ಚಳದ ತಂಬಿಗೆಯಲ್ಲಿ ತುಂಬಿಕೊಂಡು ಹೋದಳು. ಭಾಗ್ಯಾ ತಂಬಿಗೆಯನ್ನು ಮೂಸಿ ನೋಡಿದಳು. ಗೊತ್ತಾಗದೆ ಇರುವ ವಾಸನೆ ಅಲ್ಲ. ಆದರೂ, ಔಷಧ ಅಂತ ಕುಡಿಸು ಎಂದು ಹುಲಿಗೆವ್ವ ಹೇಳಿದಾಗ ಬೇಡ ಎನ್ನಲಿಲ್ಲ.

ಮೂರು ದಿನ ಹೀಗೆ ನಡೆಯಿತು. ತಂಬಿಗೆ ಖಾಲಿಯಾಗಿ ವಾಪಸು ಬರುತ್ತಿತ್ತು. ನಾಲ್ಕನೆಯ ದಿನ ಹುಲಿಗೆವ್ವ ಹೊಸ್ತಿಲಿನಲ್ಲಿ ತಂಬಿಗೆ ಕೊಟ್ಟು ತಿರುಗುವಾಗ ಒಳಗಿನಿಂದ ಪಲ್ಲವಿಯ ದನಿ ಬಂತು, ಆಯಿ, ಒಳಗ ಬರ್ರಿ ಎಂದು.

ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಪಲ್ಲವಿ ದಿಂಬಿಗೆ ಒರಗಿ ಕೂತಿದ್ದಳು. ಮುಖ ಸುಣ್ಣದಂತಿತ್ತು. ತಂಬಿಗೆಯ ಹಾಲನ್ನು ಲೋಟಕ್ಕೆ ಬಗ್ಗಿಸಿ ತಾಯಿ ಕೊಟ್ಟಳು. ಒಂದು ಗುಟುಕು ಕುಡಿದು ಅವಳು ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಇದು ಅಂಟಿನ ಉಂಡೀದ ಅಲ್ಲರಿ?”

ಹೌದು ಎಂದಳು ಹುಲಿಗೆವ್ವ.

“ಮತ್ತ ಯಾಕ ಕುಟ್ಟಿ ತಂದ್ರಿ?”

ಭಾಗ್ಯಾ ನಡುವೆ ಬಾಯಿ ಹಾಕಿದಳು, ಇವು ಉಂಡಿ ತಿನ್ನುವ ದಿನವೇನು, ಕೊಟ್ಟದ್ದನ್ನು ಕುಡಿ ಎಂದು. ಪಲ್ಲವಿ ತಾಯಿಯನ್ನು ನೋಡಲಿಲ್ಲ. ಲೋಟವನ್ನೇ ನೋಡುತ್ತ ಮಾತಾಡಿದಳು.

“ಬಂದವರೆಲ್ಲಾ ಆಪರೇಷನ್ ಆಗೈತಿ, ಆಪರೇಷನ್ ಆಗೈತಿ ಅಂತಾರ. ನೀನೂ ಹಂಗ ಅಂತಿ. ನನ್ನ ಹೊಟ್ಟ್ಯಾಗಿಂದ ಕಲ್ಲ ತಗದಿಲ್ಲ ಯವ್ವಾ. ನಾ ಹಡದೇನಿ. ಬಾಣಂತಿಗೆ ಕೊಟ್ಟಂಗ ಕೊಡ್ರಿ.”

ಭಾಗ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

“ತುಪ್ಪದಾಗ ಅಂಟ ಬಿಟ್ರ ವಾಸನಿ ಓಣಿ ತುಂಬ ಹೋಗ್ತೈತಿ. ಮಂದಿ ಏನಂತಾರ?”

“ಈ ಮನಿಯಾಗ ಬಾಣಂತಿ ಅದಾಳ ಅಂತಾರ,” ಎಂದಳು ಪಲ್ಲವಿ. “ಅನ್ನಲಿ.”

ಹುಲಿಗೆವ್ವ ಆ ಹುಡುಗಿಯ ಕೈಯಿಂದ ಲೋಟ ತೆಗೆದುಕೊಂಡಳು. ತಾನು ಮೂರು ದಿನದಿಂದ ಮಾಡಿದ್ದು ಉಪಕಾರವೆಂದೇ ಅವಳು ತಿಳಿದಿದ್ದಳು. ಹೊಟ್ಟೆಗೆ ಹೋಗುವುದು ಹೋಯಿತು ಎಂದು ಸಮಾಧಾನ ಪಟ್ಟುಕೊಂಡಿದ್ದಳು. ಈಗ ಲೋಟದ ತಳದಲ್ಲಿ ನಿಂತ ಪುಡಿ ಕಂಡು ಅವಳಿಗೆ ನಾಚಿಕೆಯಾಯಿತು. ಭಾಗ್ಯಾಳ ಕಡೆ ನೋಡಿದಳು. ಒಲೆ ಅವಳದು, ಮನೆ ಅವಳದು. ಅವಳು ಬೇಡ ಎಂದರೆ ಬೇಡ.

ಭಾಗ್ಯಾ ಮಗಳ ತಲೆದಿಂಬನ್ನು ಸರಿಮಾಡಿ, ಅಡುಗೆಮನೆಗೆ ಹೋಗಿ, ಅಟ್ಟದ ಮೇಲಿನ ದೊಡ್ಡ ಬಾಣಲೆ ಇಳಿಸಿದಳು.

ಹುಲಿಗೆವ್ವ ಮನೆಗೆ ಹೋಗಿ ಸಾಮಾನು ತಂದಳು. ಅಂಟಿನ ಹರಳುಗಳನ್ನು ಕಡಲೆಯಷ್ಟು ಚೂರು ಮಾಡಿ, ಅದರಲ್ಲಿ ಒಂದು ಹಿಡಿಯಷ್ಟನ್ನು ಬಿಸಿ ತುಪ್ಪಕ್ಕೆ ಬಿಟ್ಟಳು. ಚಿಟಿಚಿಟಿ ಶುರುವಾಯಿತು. ಘಮ ಮೊದಲು ಅಡುಗೆಮನೆ ತುಂಬಿತು, ಆಮೇಲೆ ಪಡಸಾಲೆ, ಆಮೇಲೆ ಬಾಗಿಲು ದಾಟಿತು. ಎದುರುಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಭಾಗ್ಯಾ ಎದ್ದು ಬಾಗಿಲ ತನಕ ಹೋದಳು. ಮುಚ್ಚುತ್ತಾಳೆಂದು ಹುಲಿಗೆವ್ವ ಅಂದುಕೊಂಡಳು. ಮುಚ್ಚಲಿಲ್ಲ. ಬಾಗಿಲಿನಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದು ಕೊಬ್ಬರಿ ಹೆರೆಯಲು ಕೂತಳು. ಒಳಗಿನ ಕೋಣೆಯಿಂದ ಕಿಟಕಿಯ ಚಿಲಕ ತೆಗೆದ ಸದ್ದು ಬಂತು.

ಎಲ್ಲ ಹುರಿದು ಬೆರೆಸುವಾಗ ಭಾಗ್ಯಾಳ ಕೈ ರೂಢಿಯಂತೆ ತನ್ನ ಡಬ್ಬಿಗಳ ಸಾಲಿನಿಂದ ಅಳವಿಯ ಪೊಟ್ಟಣ ತೆಗೆಯಿತು. ಹುಲಿಗೆವ್ವ ಅವಳ ಮುಂಗೈ ಹಿಡಿದಳು. ಭಾಗ್ಯಾ ಪೊಟ್ಟಣವನ್ನು ನೋಡಿದಳು, ತನ್ನನ್ನು ತಡೆದ ಕೈಯನ್ನು ನೋಡಿದಳು, ಅರ್ಥವಾಯಿತು. ಪೊಟ್ಟಣವನ್ನು ಎಲ್ಲಕ್ಕಿಂತ ಹಿಂದಿನ ಡಬ್ಬಿಯ ಹಿಂದೆ ಇಟ್ಟಳು.

ಬೆಲ್ಲ ಕರಗಲು ಇಟ್ಟರು. ಅಂಟಿನ ಉಂಡಿಯ ಪಾಕ ಕಣ್ಣು ತೆಗೆಯಲು ಬಿಡುವುದಿಲ್ಲ. ಬೆಲ್ಲ ಕರಗಿ ಒಂದು ನೊರೆ ಬಂದು, ಬೆರಳಿಗೆ ಎಳೆ ಹಿಡಿಯುವಷ್ಟರಲ್ಲಿ ಇಳಿಸಬೇಕು. ತಡವಾದರೆ ಉಂಡಿ ಕಲ್ಲಾಗುತ್ತದೆ. ಇಬ್ಬರೂ ಪಾಕವನ್ನೇ ನೋಡುತ್ತ ಕೂತಿದ್ದರು.

“ನಾ ಮೊದಲ ಮಾಡಬಾರದಿತ್ತ ಭಾಗ್ಯಾ,” ಎಂದಳು ಹುಲಿಗೆವ್ವ.

ಭಾಗ್ಯಾ ಸೌಟು ತಿರುವುತ್ತಿದ್ದಳು. “ಮಾಡಿಸಿದಾಕಿ ನಾನು,” ಎಂದಳು. “ಅವತ್ತ ಯಾರಿಗರ ಏನರ ಅನ್ನಬೇಕಾಗಿತ್ತ ಅಕ್ಕಾ. ನೀ ಬಾಗಿಲಾಗ ಸಿಕ್ಕಿದಿ.”

ನೊರೆ ಬಂತು. ಹುಲಿಗೆವ್ವ ಬಾಣಲೆ ಇಳಿಸಿದಳು.

ಉಂಡಿ ಬಿಸಿಯಿದ್ದಾಗಲೇ ಕಟ್ಟಬೇಕು, ಆರಿದರೆ ಕೂಡುವುದಿಲ್ಲ. ಮೊದಲನೆಯದನ್ನು ಭಾಗ್ಯಾ ಕಟ್ಟಿದಳು. ಕೈ ಸುಟ್ಟಿರಬೇಕು, ಬಿಡಲಿಲ್ಲ. ಅಂಗೈಯಿಂದ ಅಂಗೈಗೆ ಹೊರಳಿಸಿ, ಒತ್ತಿ, ಮತ್ತೆ ಹೊರಳಿಸಿ ದುಂಡಗೆ ಮಾಡಿದಳು. ಕುಂಕುಮದ ತಟ್ಟೆಯಿಲ್ಲ, ಹಾಡು ಹೇಳುವವರಿಲ್ಲ. ಒಂದು ಸಣ್ಣ ತಾಟಿನಲ್ಲಿ ಉಂಡಿ, ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟುಕೊಂಡು ಕೋಣೆಗೆ ಹೋದಳು. ಹುಲಿಗೆವ್ವ ಬಾಗಿಲಿನಲ್ಲಿ ನಿಂತಳು.

ಪಲ್ಲವಿ ಉಂಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಕ್ಷಣ ಕಚ್ಚಲಿಲ್ಲ. ಅದರ ಬಿಸಿ ಆರುವ ತನಕ ಹಾಗೇ ಹಿಡಿದಿದ್ದಳು. ಆಮೇಲೆ ಒಂದು ತುದಿ ಕಚ್ಚಿ ಅಗಿದಳು. ಅಗಿಯುತ್ತಿದ್ದಂತೆ ಅಳು ಬಂತು. ದವಾಖಾನೆಯಿಂದ ಮನೆಗೆ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಭಾಗ್ಯಾ ಆಮೇಲೆ ಹೇಳಿದಳು. ಅಳುತ್ತ ತಿಂದಳು, ಪೂರ್ತಿ ತಿಂದಳು, ತಾಟಿಗೆ ಬಿದ್ದ ಕೊಬ್ಬರಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು. ತಾಯಿ ಅವಳ ಬೆನ್ನ ಮೇಲೆ ಕೈಯಾಡಿಸುತ್ತ ಕೂತಳು.

ಹುಲಿಗೆವ್ವ ಅಡುಗೆಮನೆಗೆ ಬಂದು ಉಳಿದ ಉಂಡಿಗಳನ್ನು ಕಟ್ಟಿ ಮುಗಿಸಿದಳು. ಬಾಣಲೆಗೆ ನೀರು ಹಾಕಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟುವಾಗ ಭಾಗ್ಯಾ ಹೊರಗೆ ಬಂದಳು. ಬಾಣಂತಿಯ ಉಂಡಿಯನ್ನು ಅಕ್ಕಪಕ್ಕದ ಐದು ಮನೆಗೆ ಕೊಡುವುದು ಪದ್ಧತಿ. ಕೊಡುವುದೋ ಬಿಡುವುದೋ ಅವಳಿಗೆ ತಿಳಿಯದಾಗಿತ್ತು. ಎದುರುಮನೆಯವಳು ಬಾಗಿಲಿನಲ್ಲಿ ನಿಂತು ಈ ಕಡೆಯೇ ನೋಡುತ್ತಿದ್ದಳು.

“ಓಣಿಗೆ ಹೆಂಗ ಮಾಡೂದ ಅಕ್ಕಾ?” ಎಂದು ಮೆಲ್ಲಗೆ ಕೇಳಿದಳು.

“ನನ್ನ್ಯಾಕ ಕೇಳ್ತಿ, ಹಡದಾಕಿನ್ನ ಕೇಳ,” ಎಂದಳು ಹುಲಿಗೆವ್ವ. ಅಷ್ಟರಲ್ಲಿ ಮೆಟ್ಟಿಲು ಇಳಿದಿದ್ದಳು. ನಡೆಯುತ್ತಲೇ ಮಾತು ಮುಂದುವರಿಸಿದಳು, ತಿರುಗಿ ನೋಡದೆ. “ಅಕಿ ಕೊಡು ಅಂದ್ರ ಕೊಡು. ಬಿಸಿ ಪೂರಾ ಆರಿದ ಮ್ಯಾಲ ಡಬ್ಬಿಗೆ ಹಾಕ, ಇಲ್ಲಾಂದ್ರ ಬೆವತು ಬೂಸ ಹಿಡೀತಾವ. ದಿನಕ್ಕ ಎರಡ, ಮುಂಜಾನಿ ಒಂದ, ಸಂಜಿಗಿ ಒಂದ, ಮ್ಯಾಲ ಬಿಸಿನೀರ. ನಾಡಿದ್ದ ಮತ್ತ ಬರ್ತೇನಿ, ಅಷ್ಟರಾಗ ಅಕಿಗೆ ಕಟ್ಟಿ ತನಕ ನಡದ ಬರಾಕ ಹೇಳ, ಬಂದ್ರ ಒಳಗ ಕರೀಬ್ಯಾಡ, ಬಿಸಿಲಿಗೆ ಕುಂಡ್ರಲಿ, ಯಾರರ ಬಂದ ಕೂಸಿನ ಮಾತ ತಗದ್ರೂ ನೀ ನಡುವ ಹೋಗಿ ಮಾತ ತಿರುವಬ್ಯಾಡ, ಅಕಿನ ಹೇಳಲಿ.”